ನಕ್ಷೆಗೆ ಬಣ್ಣ ಹಚ್ಚುವ ಮುಂಚೆ ಓಣಿ ಸುತ್ತಿದ್ದು

ಪುಣೆ ಮಹಾನಗರಪಾಲಿಕೆಗೆ 2017ರಲ್ಲಿ 11 ಹಳ್ಳಿ ಸೇರಿದವು, 2021ರಲ್ಲಿ ಇನ್ನೂ 23. ಹೀಗೆ ಊರಂಚಿಗೆ ಬೆಳೀತಿರೋ ಒಂದು ಹಳ್ಳಿಯ ನಕ್ಷೆ ಮಾಡುವ ತಂಡದಲ್ಲಿ ನಾನೂ ಇದ್ದೆ. ಇಲ್ಲಿ ಎಲ್ಲರೂ ಅದನ್ನು ಡಿಪಿ ಅಂತಾರೆ, ಅಂದ್ರೆ ಡೆವಲಪ್‌ಮೆಂಟ್ ಪ್ಲ್ಯಾನ್. ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಹಸಿರು ವಲಯ, ರಸ್ತೆ ಎಲ್ಲಿ ಹೋಗುತ್ತೆ, ಶಾಲೆಗೆ ಯಾರ ಜಮೀನು ರಿಸರ್ವೇಶನ್, ಎಲ್ಲಾ ಅದರಲ್ಲೇ ಇರುತ್ತೆ. 1966ರ ಎಂಆರ್‌ಟಿಪಿ ಕಾಯ್ದೆ, ಅಂದ್ರೆ ಮಹಾರಾಷ್ಟ್ರದ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ ಪ್ರಕಾರ 20 ವರ್ಷಕ್ಕೊಮ್ಮೆಯಾದರೂ ಇದನ್ನು ಪರಿಷ್ಕರಿಸಬೇಕು. ಹಾಗಾಗಿ ಇವತ್ತು ತಪ್ಪು ಗೆರೆ ಎಳೆದರೆ ಅದನ್ನು ಒಂದು ತಲೆಮಾರು ಅನುಭವಿಸಬೇಕಾಗುತ್ತೆ.

ಮೊದಲ ಕೆಲಸ, ಈಗ ಯಾವ ಜಾಗ ಹೇಗೆ ಬಳಕೆಯಲ್ಲಿದೆ ಅನ್ನೋ ಸರ್ವೆ. ಉಪಗ್ರಹದ ಚಿತ್ರದ ಮೇಲೆ ಸರ್ವೆ ನಂಬರಿನ ಗಡಿ ಕೂರಿಸಿ ಬಣ್ಣ ತುಂಬುತ್ತೇವೆ. ಮನೆಗಳಿಗೆ ಹಳದಿ, ಹೊಲಕ್ಕೆ ಹಸಿರು. ನಾನು ತಪ್ಪಿದ್ದು ಇಲ್ಲೇ. ಒಂದು ಮೂಲೆಯಲ್ಲಿ ತಗಡಿನ ಸಾಲು ಕಾಣುತ್ತಿತ್ತು, ಪಕ್ಕದಲ್ಲೇ ದೊಡ್ಡ ಕಟ್ಟಡದ ಕೆಲಸ ನಡೀತಿತ್ತು. ಸಿಮೆಂಟು, ಕಬ್ಬಿಣ ಇಡೋ ಶೆಡ್ ಅಂದುಕೊಂಡು ಖಾಲಿ ಜಾಗ ಅಂತ ಹಾಕಿಬಿಟ್ಟೆ. ಕರಡಿನಲ್ಲಿ ಅದರ ಮೇಲೇ 24 ಮೀಟರ್ ರಸ್ತೆ ಬಂತು.

ಆಮೇಲೆ ನಕ್ಷೆಯ ಪ್ರಿಂಟ್ ಹಿಡಿದುಕೊಂಡು ಜಾಗಕ್ಕೆ ಹೋದೆ. ತಗಡಿನ ಹಿಂದೆ ಓಣಿ ಇತ್ತು, ಕೊಡ ಇಟ್ಟು ನಲ್ಲಿಗೆ ಕಾಯೋ ಹೆಣ್ಣುಮಕ್ಕಳು, ಅಂಗನವಾಡಿಯಿಂದ ಬರೋ ಮಕ್ಕಳು. ಎಲ್ಲರ ಬಾಯಲ್ಲೂ ನಮ್ಮ ಕಡೆಯ ಕನ್ನಡ! ಕಲಬುರ್ಗಿ, ಯಾದಗಿರಿ, ಇಂಡಿ ಕಡೆಯಿಂದ ಬಂದು ಗಾರೆ ಕೆಲಸ, ಸೆಂಟ್ರಿಂಗ್ ಮಾಡಿಕೊಂಡಿರೋ ಜನ. ನಾನು ಮರಾಠಿಯಲ್ಲಿ ಶುರು ಮಾಡಿದಾಗ ಯಾರೂ ಜಾಸ್ತಿ ಮಾತಾಡಲಿಲ್ಲ. "ಯಾವ ಊರವ್ವಾ ನಿಮ್ದು?" ಅಂದ ಮೇಲೆ ಒಬ್ಬ ಮುದುಕಿ ಕೈ ಹಿಡಿದು ಕರಕೊಂಡು ಹೋದಳು. ತಗಡಿನ ಗೋಡೆ ಮೇಲೆ ಮೊಣಕಾಲಿನ ಎತ್ತರಕ್ಕೆ ಕೆಸರಿನ ಗೆರೆ ಇತ್ತು. "ಮಳಿ ಜೋರಾದ್ರ ನೀರ ಇಲ್ಲಿತನಾ ಬರ್ತದ ಯಪ್ಪಾ. ಅಲ್ಲಿ ಹಳ್ಳ ಇತ್ತು, ಮಣ್ಣ ಸುರುದು ಮುಚ್ಯಾರ."

ನಮ್ಮ ಚಿತ್ರದಲ್ಲಿ ಹಳ್ಳವೇ ಇರಲಿಲ್ಲ. ಹಳೇ ಗ್ರಾಮ ನಕ್ಷೆ ತೆಗೆದು ನೋಡಿದರೆ, ಇಲ್ಲಿಯವರು ಓಢಾ ಅನ್ನೋ ಆ ಹಳ್ಳ ಸ್ಪಷ್ಟವಾಗಿ ಇತ್ತು, ಅದೂ ನಾವು ಎಳೆದ ರಸ್ತೆಯ ಅಡಿಯಲ್ಲೇ. ನನಗೆ 2019ರ ಸೆಪ್ಟೆಂಬರ್ 25ರ ರಾತ್ರಿ ನೆನಪಾಯ್ತು. ಅಂಬಿಲ್ ಓಢಾ ಉಕ್ಕಿ ಪುಣೆಯಲ್ಲಿ ಎಷ್ಟು ಜನ ಹೋದರು, ಅಲ್ವಾ? ನಿದ್ದೆ ಬರಲಿಲ್ಲ.

ಮಾರನೇ ದಿನದಿಂದ ಟೇಪು ಹಿಡಿದು ಪ್ರತಿ ಮನೆಯ ಕೆಸರಿನ ಗೆರೆ ಅಳೆದೆವು, ಫೋಟೋ ಸಮೇತ ಹಳೇ ನಕ್ಷೆಯ ಮೇಲೆ ಗುರುತು ಹಾಕಿದೆವು. ಅದನ್ನು ತೋರಿಸಿದ ಮೇಲೆ ನಮ್ಮ ತಂಡದ ಹಿರಿಯರು ರಸ್ತೆ ಸರಿಸಲು ಒಪ್ಪಿದರು. ಸುಲಭ ಇರಲಿಲ್ಲ, ಯಾಕಂದ್ರೆ ರಸ್ತೆ ಒಂದು ಕಡೆ ಸರಿದರೆ ಇನ್ನೊಬ್ಬರ ಹೊಲಕ್ಕೆ ಹೋಗುತ್ತೆ. ಒಂದೇ ಸಣ್ಣ ಹಿಡುವಳಿ ಪೂರ್ತಿ ಹೋಗದಂತೆ ಗೆರೆಯನ್ನು ಎರಡು ಸರ್ವೆ ನಂಬರಿನ ಗಡಿಗೆ ತಂದೆವು. ಜಾಗ ಬಿಟ್ಟುಕೊಡೋರಿಗೆ ಟಿಡಿಆರ್ ಇದೆ ನಿಜ, ಅಂದ್ರೆ ದುಡ್ಡಿನ ಬದಲು ಕೊಡೋ, ಬೇರೆಯವರಿಗೆ ಮಾರಬಹುದಾದ ಕಟ್ಟಡ ಕಟ್ಟುವ ಹಕ್ಕಿನ ಪತ್ರ. ಆದರೆ ಎರಡು ಎಕರೆ ಇರೋ ರೈತ ಆ ಕಾಗದ ಹಿಡಿದು ಬಿಲ್ಡರ್ ಬಾಗಿಲಿಗೆ ಹೋಗಬೇಕು, ಅದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಸಿಗೋದು 30 ದಿನ. ನಿಮ್ಮ ಜಾಗ ಅದರಲ್ಲಿದ್ದರೆ ಸುಮ್ನೆ "ಅನ್ಯಾಯ ಆಗಿದೆ" ಅಂತ ಬರೀಬೇಡಿ. ಸರ್ವೆ ನಂಬರ್ ಹಾಕಿ, ಸಾತ್‌ಬಾರಾ (ನಮ್ಮ ಪಹಣಿ ಥರದ ಜಮೀನಿನ ದಾಖಲೆ) ಸೇರಿಸಿ, ಫೋಟೋ ಇಡಿ, ರಸ್ತೆ ಎಲ್ಲಿಗೆ ಸರಿಯಬೇಕು ಅಂತ ಗೆರೆ ಎಳೆದು ತೋರಿಸಿ. ಅಂಥ ಅರ್ಜಿ ಓದಿದಾಗ ನಮಗೂ ವಾದ ಮಾಡೋಕೆ ಒಂದು ಆಧಾರ ಸಿಗುತ್ತೆ.

ಆ ಓಣಿ ಈಗ ನಕ್ಷೆಯಲ್ಲಿ ಹಳದಿ. ಜನರ ಹೆಸರಿಗೆ ಜಾಗ ಆಗಿಲ್ಲ, ಅದು ಡಿಪಿಯಿಂದ ಆಗೋ ಕೆಲಸವೂ ಅಲ್ಲ. ಆದರೆ ಹಳ್ಳದ ಗೆರೆ ಮತ್ತೆ ಬಂದಿದೆ, ಎರಡೂ ದಂಡೆಯಲ್ಲಿ ಜಾಗ ಬಿಟ್ಟು. ಮುಂದಿನ ಮಳೆಗಾಲದಲ್ಲಿ ಆ ಮುದುಕಿ ಮನೆಗೆ ಹೋಗಿ ಗೋಡೆ ನೋಡಿಕೊಂಡು ಬರಬೇಕು ಅಂತಿದ್ದೇನೆ.