ಅನುದಾನ ಕೊಡುವವರು ಪುರಾವೆಯನ್ನು ಬಳಸುವುದು ಹೇಗೆ

ನಾನು ಬೆಂಗಳೂರಿನ ಒಂದು ಟ್ರಸ್ಟಿನಲ್ಲಿ ಅನುದಾನ ನೋಡಿಕೊಳ್ಳುತ್ತೇನೆ. ರಾಯಚೂರು, ಯಾದಗಿರಿ ಕಡೆಯ ಆರೋಗ್ಯ ಮತ್ತು ಶಾಲೆ ಯೋಜನೆಗಳು ನನ್ನ ಪಾಲಿಗಿವೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ವರದಿಗಳ ರಾಶಿ ನೋಡಿಯೇ ಸುಸ್ತಾಗುತ್ತದೆ. ಅವನ್ನು ಓದುವ ಮೊದಲು ಮಾಡಬೇಕಾದ ಕೆಲಸ ಒಂದಿದೆ.

ಎಲ್ಲ ಯೋಜನೆಗಳನ್ನೂ ಒಂದೇ ಎಕ್ಸೆಲ್ ಶೀಟಿಗೆ ತನ್ನಿ. ಪ್ರತಿಯೊಂದರ ಮುಂದೆ ಒಂದೇ ವಾಕ್ಯ ಬರೆಯಿರಿ: ಯಾರಿಗೆ, ಏನು, ಯಾವಾಗಿನೊಳಗೆ ಬದಲಾಗಬೇಕು? ‘ತಾಯಂದಿರಿಗೆ ತರಬೇತಿ ಕೊಟ್ಟೆವು’ ಅನ್ನುವುದು ನಾವು ಮಾಡಿದ ಕೆಲಸ ಅಷ್ಟೇ. ತರಬೇತಿ ಪಡೆದ ತಾಯಿ ಆರು ತಿಂಗಳು ಮಗುವಿಗೆ ಬರೀ ಎದೆಹಾಲು ಕೊಟ್ಟಳಾ ಅನ್ನುವುದು ಬದಲಾವಣೆ. ಈ ವಾಕ್ಯ ಬರೆಯಲಾಗದ ಯೋಜನೆ ಇದ್ದರೆ ಆ ಸಂಸ್ಥೆಯವರ ಜೊತೆ ಮೊದಲು ಕೂತು ಮಾತಾಡಿ.

ಮುಂದಿನ ಕಾಲಂ: ಇದರಿಂದ ಪ್ರಯೋಜನ ಆಗುತ್ತದೆ ಅಂತ ನಮಗೆ ಹೇಗೆ ಗೊತ್ತು? ಬೇರೆ ಕಡೆಯ ಅಧ್ಯಯನ ಇದ್ದರೆ ಬರೆಯಿರಿ. ಆದರೆ ಅಂಕಿ ನೋಡಿ ಮರುಳಾಗಬೇಡಿ, ಕಾರಣ ಹುಡುಕಿ. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ನಡೆದ ಲಸಿಕೆ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳು ಶೇ. 6. ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆಸಿದಲ್ಲಿ ಶೇ. 18. ಶಿಬಿರದ ಜೊತೆಗೆ ಪ್ರತಿ ಸಲ ಒಂದು ಕೆಜಿ ಬೇಳೆ, ಕೊನೆಗೆ ತಟ್ಟೆಗಳ ಸೆಟ್ ಕೊಟ್ಟಲ್ಲಿ ಶೇ. 39. ಬೇಳೆ ಕೊಟ್ಟರೂ, ಪೂರ್ತಿ ಲಸಿಕೆ ಪಡೆದ ಒಂದು ಮಗುವಿನ ಲೆಕ್ಕಕ್ಕೆ ಬಿದ್ದ ಖರ್ಚು ಬರೀ ಶಿಬಿರ ನಡೆಸಿದ್ದಕ್ಕಿಂತ ಸುಮಾರು ಅರ್ಧಕ್ಕೆ ಇಳಿಯಿತು. ಶಿಬಿರ ಹೇಗೂ ನಡೆಯುತ್ತಿತ್ತು, ಬರುವವರು ಜಾಸ್ತಿಯಾದರು.

ಹಾಗಂತ ನಾವೂ ಬೇಳೆ ಹಂಚೋಣವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಪೂರ್ತಿ ಲಸಿಕೆ ಪಡೆದವರು ಸುಮಾರು ಶೇ. 84. ಇಲ್ಲಿ ಬಿಟ್ಟುಹೋಗುವ ಮಕ್ಕಳ ಕಾರಣವೇ ಬೇರೆ ಇರಬಹುದು. ಗುಳೆ ಹೋದ ಕುಟುಂಬವೋ, ಜ್ವರದ ಭಯವೋ, ಕಾರ್ಡ್ ಕಳೆದದ್ದೋ. ಇದನ್ನು ಹೇಳಬಲ್ಲವರು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್. ಅವರ ಮಾತೂ ಪುರಾವೆಯೇ. ಅವರನ್ನು ಕೇಳಿ, ಊರು, ತಾರೀಖು ಸಮೇತ ಬರೆದು ಅದೇ ಶೀಟಿಗೆ ಸೇರಿಸಿ. ಹೊರಗಿನ ಅಧ್ಯಯನ, ಜಿಲ್ಲೆಯ ಅಂಕಿ, ಫೀಲ್ಡ್‌ನವರ ಮಾತು ಈ ಮೂರೂ ಒಂದೇ ಕಡೆ ಬೊಟ್ಟು ಮಾಡಿದರೆ ಧೈರ್ಯವಾಗಿ ಹಣ ಕೊಡಿ. ಹೊಂದದಿದ್ದರೆ ಸಣ್ಣದಾಗಿ ಶುರು ಮಾಡಿ.

ಮೂರನೆಯ ಕಾಲಂ ನನಗೆ ಎಲ್ಲಕ್ಕಿಂತ ಮುಖ್ಯ. ಯಾವ ಅಂಕಿ ಬಂದರೆ ಮುಂದುವರಿಸುತ್ತೇವೆ, ಯಾವುದು ಬಂದರೆ ನಿಲ್ಲಿಸುತ್ತೇವೆ? ಇದನ್ನು ಡೇಟಾ ಬರುವ ಮೊದಲೇ ಬರೆಯಬೇಕು. ಬಂದಮೇಲೆ ಬರೆಯಲು ಕೂತರೆ ಎಂಥ ಅಂಕಿಗೂ ಸಮಜಾಯಿಷಿ ಸಿಗುತ್ತದೆ, ಅಲ್ವಾ? ಯಾವ ನಿರ್ಧಾರಕ್ಕೂ ಬೇಕಿಲ್ಲದ ಪ್ರಶ್ನೆಗಳನ್ನು ಸಮೀಕ್ಷೆಯಿಂದ ತೆಗೆದುಹಾಕಿ. ಸುಮ್ನೆ ಜನರ ಸಮಯ ತಿನ್ನಬಾರದು.

ಅಳೆಯುವ ಅವಧಿಯನ್ನೂ ಈಗಲೇ ಗೊತ್ತುಮಾಡಿ. ಒಡಿಶಾದಲ್ಲಿ ಹೊಗೆ ಕಡಿಮೆ ಮಾಡುವ ಒಲೆಗಳನ್ನು ನಾಲ್ಕು ವರ್ಷ ಗಮನಿಸಿದರು. ಮೊದಲ ವರ್ಷ ಮನೆಯವರು ಸೇವಿಸುವ ಹೊಗೆ ಕಡಿಮೆಯಾಗಿತ್ತು. ಆಮೇಲೆ ಆ ಲಾಭ ಉಳಿಯಲಿಲ್ಲ. ಒಲೆಗಳ ದುರಸ್ತಿ ಆಗಲಿಲ್ಲ, ಬಳಕೆಯೂ ಕುಗ್ಗಿತು. ಒಂದೇ ವರ್ಷದ ವರದಿ ನೋಡಿದವರು ಖುಷಿಯಿಂದ ಇನ್ನಷ್ಟು ಹಣ ಕೊಟ್ಟಿರುತ್ತಿದ್ದರು. ಆದ್ದರಿಂದ ವಸ್ತು ಕೊಡುವ ಯೋಜನೆಗಳಲ್ಲಿ ಎರಡನೇ, ಮೂರನೇ ವರ್ಷದ ಭೇಟಿಗೂ ಬಜೆಟ್ ಇಡಿ.

ಕಂಪನಿಯ ಸಿಎಸ್‌ಆರ್ ಹಣವಾದರೆ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆ ಅಂತ ಖರ್ಚು ಮಾಡಬೇಕಾದ ಹಣವಾದರೆ, ಕಾನೂನೂ ಇದೆ. ಸಿಎಸ್‌ಆರ್ ಬಾಧ್ಯತೆ ಮೂರು ವರ್ಷಗಳ ಸರಾಸರಿಯಲ್ಲಿ 10 ಕೋಟಿ ಅಥವಾ ಹೆಚ್ಚಿರುವ ಕಂಪನಿ, 1 ಕೋಟಿ ಅಥವಾ ಹೆಚ್ಚಿನ ಯೋಜನೆಗೆ, ಅದು ಮುಗಿದು ಒಂದು ವರ್ಷವಾದ ಮೇಲೆ ಪರಿಣಾಮದ ಮೌಲ್ಯಮಾಪನ ಮಾಡಿಸಬೇಕು. ಆದರೆ ಅಷ್ಟರಲ್ಲಿ ಹಣ ಖರ್ಚಾಗಿರುತ್ತದೆ. ನಡುವೆ ದಾರಿ ಬದಲಿಸಲು ಮೂರು ತಿಂಗಳಿಗೊಮ್ಮೆ ನಿಮ್ಮದೇ ರಿವ್ಯೂ ಬೇಕು. ಆ ಮೀಟಿಂಗಿನಲ್ಲಿ ಪಿಪಿಟಿ ಬೇಡ, ಶೀಟ್ ಸಾಕು.

ಯೋಜನೆ ನಿಲ್ಲಿಸಬೇಕಾಗಿ ಬಂದರೆ ಸಂಸ್ಥೆಗೆ ಕನಿಷ್ಠ ಆರು ತಿಂಗಳು ಮೊದಲೇ ಹೇಳಿ. ಅಲ್ಲಿನ ಸಿಬ್ಬಂದಿಯ ಸಂಬಳ ಅದರ ಮೇಲೆ ನಿಂತಿರುತ್ತದೆ. ಏನು ಕಲಿತೆವು ಅನ್ನುವುದನ್ನು ಅವರ ಜೊತೆಗೇ ಕೂತು ಕನ್ನಡದಲ್ಲಿ ಒಂದು ಪುಟ ಬರೆದು, ಉಳಿದ ಸಂಸ್ಥೆಗಳಿಗೂ ಕಳಿಸಿ.