ಗೌರಿ ಹೂ ಬೆಳೆಸುವುದು: ಗಡ್ಡೆಯ ತುದಿ ಜೋಪಾನ

ಗೌರಿ ಹಬ್ಬದ ಹೊತ್ತಿಗೆ ಬೇಲಿಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ ಅರಳುವ ಗೌರಿ ಹೂವಿಗೆ ಅಗ್ನಿಶಿಖೆ ಎಂದೂ ಹೆಸರು. ಬೇಸಿಗೆಯಲ್ಲಿ ಬಳ್ಳಿ ಪೂರ್ತಿ ಒಣಗಿ ಹೋದರೂ ನೆಲದೊಳಗಿನ ಗಡ್ಡೆ ತಿಂಗಳುಗಟ್ಟಲೆ ನೀರಿಲ್ಲದೆ ಬದುಕಿರುತ್ತದೆ. ಇಷ್ಟು ಗಟ್ಟಿ ಜೀವದ ಗಿಡವನ್ನು ಮನೆಗೆ ತಂದವರು ಕಳೆದುಕೊಳ್ಳುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ಗಡ್ಡೆಯ ತುದಿ ಮುರಿಯುತ್ತದೆ, ಇಲ್ಲವೇ ನೀರು ಜಾಸ್ತಿಯಾಗುತ್ತದೆ.

ಗುರುತು. ಹೂವಿಗೆ ಆರು ದಳ. ಅಂಚು ಅಲೆಅಲೆ, ದಳಗಳೆಲ್ಲ ಹಿಂದಕ್ಕೆ ಮಡಚಿ ಮೇಲೆದ್ದಿರುತ್ತವೆ. ಬುಡ ಹಳದಿ, ತುದಿ ಕೆಂಪು. ದಿನ ಕಳೆದಂತೆ ಹೂ ಪೂರ್ತಿ ಕೆಂಪಾಗುತ್ತದೆ. ಹೂವಿಲ್ಲದಾಗ ಎಲೆ ನೋಡಿ: ತೊಟ್ಟಿಲ್ಲದ ಎಲೆಯ ತುದಿಯೇ ಉದ್ದವಾಗಿ ಸುರುಳಿ ಸುತ್ತಿ ಆಸರೆ ಹಿಡಿಯುತ್ತದೆ.

ಮೊದಲು ಎಚ್ಚರಿಕೆ. ಗಿಡದ ಎಲ್ಲ ಭಾಗವೂ ವಿಷ, ಗಡ್ಡೆಯಂತೂ ಪ್ರಾಣಾಂತಿಕ. ಅದರಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ಗೆಣಸೆಂದು ತಿಂದು ಸತ್ತವರಿದ್ದಾರೆ. ಗಡ್ಡೆಯನ್ನು ಅಡುಗೆಮನೆಯಲ್ಲಿ ಇಡಲೇಬೇಡಿ, ಕೈಗವಸಿಲ್ಲದೆ ಮುಟ್ಟಬೇಡಿ. ಚಿಕ್ಕ ಮಕ್ಕಳು, ನಾಯಿ, ದನ ಓಡಾಡುವ ಕಡೆ ಈ ಗಿಡ ಬೇಡ.

ಗಡ್ಡೆ ಆರಿಸುವುದು. ಕಾಡಿನಿಂದ ಅಗೆದು ತರಬೇಡಿ. ಔಷಧಿಗೆಂದು ಅಗೆದು ಅಗೆದೇ ಅದು ಎಷ್ಟೋ ಕಡೆ ಅಪರೂಪವಾಗಿದೆ. ಬೆಳೆಸಿದವರ ಬಳಿ ಅಥವಾ ನರ್ಸರಿಯಲ್ಲಿ ಕೊಳ್ಳಿ. ಗಡ್ಡೆ ಬೆರಳು ದಪ್ಪ, ಕವೆಯ ಆಕಾರ, ಎರಡು ತೋಳು. ಒಂದೊಂದು ತೋಳಿನ ತುದಿಯಲ್ಲಿ ಒಂದೇ ಮೊಳಕೆ ಕಣ್ಣು. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಇದಕ್ಕೆ ಹಾಗಿಲ್ಲ. ಆ ತುದಿ ಮುರಿದರೆ ತೋಳು ಚಿಗುರದೆ ಕೊಳೆಯುತ್ತದೆ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ತುಂಬಿ ಮಾರುವ ಗಡ್ಡೆಗಳಲ್ಲಿ ತುದಿ ಸವೆದವೇ ಹೆಚ್ಚು. ಬಿಚ್ಚಿ ನೋಡಲು ಬಿಡದಿದ್ದರೆ ಕೊಳ್ಳಬೇಡಿ.

ಹಿಡಿಯುವಾಗ ನಡುವಿನಲ್ಲಿ ಹಿಡಿಯಿರಿ, ತುದಿಗೆ ಬೆರಳು ತಾಗಬಾರದು. ಎರಡು ತೋಳನ್ನು ಎಳೆದು ಬೇರೆ ಮಾಡಬೇಡಿ. ತಾನಾಗಿ ಕಳಚಿದರೆ ಮಾತ್ರ ಬೇರೆ ನೆಡಿ. ಗಾಯವಾಗಿದ್ದರೆ ಬೂದಿ ಸವರಿ ಎರಡು ದಿನ ನೆರಳಲ್ಲಿ ಒಣಗಲಿ.

ನೆಡುವುದು. ಮೇ ಕೊನೆ, ಮುಂಗಾರಿಗೆ ಮುಂಚೆ. 12 ಇಂಚಿನ ಕುಂಡ, ತಳದಲ್ಲಿ ದೊಡ್ಡ ತೂತು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಹಳೆಯ ಕಾಂಪೋಸ್ಟ್. ತೆಂಗಿನ ನಾರಿನ ಪುಡಿಯೇ ತುಂಬಿದ ರೆಡಿಮೇಡ್ ಮಿಶ್ರಣ ತೇವ ಹಿಡಿದಿಟ್ಟು ಗಡ್ಡೆ ಕೊಳೆಸುತ್ತದೆ. ಗಡ್ಡೆಯನ್ನು ಅಡ್ಡಲಾಗಿ, ಕಣ್ಣು ತುಸು ಮೇಲ್ಮುಖವಾಗಿರುವಂತೆ 6–8 ಸೆಂ.ಮೀ. ಆಳದಲ್ಲಿಟ್ಟು ಸಡಿಲ ಮಣ್ಣು ಮುಚ್ಚಿ. ಅಮುಕಬೇಡಿ. ಒಮ್ಮೆ ನೀರು ಕೊಟ್ಟು, ಮೊಳಕೆ ಕಾಣುವವರೆಗೆ ಕೈ ತಡೆಯಿರಿ. ಬಹಳ ಜನ ಕೆಡಿಸುವುದು ಇಲ್ಲೇ: ಮೊಳಕೆ ತಡವಾಯಿತೆಂದು ದಿನವೂ ನೀರು ಹಾಕುತ್ತಾರೆ, ಮಣ್ಣು ಕೆದಕಿ ನೋಡುತ್ತಾರೆ, ಹಾಗೆ ನೋಡುವಾಗಲೇ ಎಳೆ ಕಣ್ಣು ಮುರಿಯುತ್ತದೆ.

ಆಸರೆ. ಪೆನ್ಸಿಲ್‌ಗಿಂತ ದಪ್ಪದ ಕೋಲನ್ನು ಎಲೆತುದಿ ಹಿಡಿಯಲಾರದು. ಒಣಗಿದ ಕವಲು ಕಡ್ಡಿಯೇ ಸಾಕು, ತಂತಿ ಬಲೆಗಿಂತ ಮೇಲು.

ಹುಳ. ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕಿಯ ಕಂಬಳಿಹುಳುಗಳು ಎಲೆಯನ್ನು ಬೋಳಿಸುತ್ತವೆ. ದಿನಾ ಬೆಳಿಗ್ಗೆ ಕೈಗವಸು ಹಾಕಿ ಆರಿಸಿ ಸೋಪು ನೀರಿಗೆ ಹಾಕಿ.

ನಿದ್ದೆಯ ಕಾಲ. ಎಲೆ ಹಳದಿಯಾದಾಗ ನೀರು ನಿಲ್ಲಿಸಿ. ಹಸಿರು ಕಾಂಡ ಕತ್ತರಿಸಬೇಡಿ, ಮುಂದಿನ ವರ್ಷದ ಗಡ್ಡೆ ತುಂಬುವುದು ಆಗಲೇ. ಹಳೆಯದು ಸುಕ್ಕಿ ಹೋಗುತ್ತದೆ. ಕುಂಡವನ್ನು ಮಳೆ ಬೀಳದ ಕಡೆ ಹಾಗೇ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಅಗೆಯಲೇಬೇಕೆಂದರೆ ಕುಂಡವನ್ನು ಮಗುಚಿ ಮಣ್ಣನ್ನು ಕೈಯಿಂದ ಬಿಡಿಸಿ, ಸಲಿಕೆ ಹಾಕಬೇಡಿ. ಗಡ್ಡೆಯನ್ನು ಒಣ ಮರಳಲ್ಲಿ ಹೂತು, ಡಬ್ಬಿಯ ಮೇಲೆ ‘ವಿಷ’ ಎಂದು ಬರೆದಿಡಿ.

ಬೀಜದಿಂದಲೂ ಬೆಳೆಸಬಹುದು, ಆದರೆ ಹೂ ನೋಡಲು ಮೂರ್ನಾಲ್ಕು ವರ್ಷ ಕಾಯಬೇಕು.