ಮೊದಲು ಉಬ್ಬರ ಎಷ್ಟೊತ್ತಿಗೆ ನೋಡು, ಆಮೇಲೆ ಕ್ಲಾಸು

ಬರ್ಮಿಂಗ್‌ಹ್ಯಾಮ್‌ನಲ್ಲಿ ರೈಲು ಹತ್ತಿದರೆ ಅಬೆರಿಸ್ಟ್‌ವಿತ್‌ಗೆ ಸುಮಾರು ಮೂರು ಗಂಟೆ. ಮಧ್ಯೆ ಮಖನ್‌ಲೆತ್ ಅನ್ನೋ ಸ್ಟೇಷನ್ನಿನಲ್ಲಿ ರೈಲು ಎರಡು ತುಂಡಾಗುತ್ತದೆ. ಮುಂದಿನ ಬೋಗಿಗಳು ಒಂದು ಕಡೆ, ಹಿಂದಿನವು ಇನ್ನೊಂದು ಕಡೆ. ನಾನು ಎರಡು ಸೂಟ್‌ಕೇಸ್ ಹಿಡಿದು ತಪ್ಪು ಬೋಗಿಯಲ್ಲಿ ಆರಾಮಾಗಿ ಕೂತಿದ್ದೆ. ಎದುರಿಗಿದ್ದ ಅಜ್ಜಿ ಸೂಟ್‌ಕೇಸ್ ಮೇಲಿನ ಚೀಟಿ ಓದಿ, ಎದ್ದು ಮುಂದೆ ಹೋಗು ಅಂತ ಎಬ್ಬಿಸಿ ಕಳಿಸಿದರು. ಅಲ್ಲಿಂದ ಮುಂದೆ ಬಲಗಡೆ ಡವಿ ನದಿಯ ಅಳಿವೆ, ಎಡಗಡೆ ಕುರಿಗಳು. ಆಮೇಲೆ ಹಳಿಯೇ ಮುಗಿಯುತ್ತದೆ. ವೇಲ್ಸ್‌ನ ಪಶ್ಚಿಮ ದಂಡೆಯ ಈ ಊರಿನಲ್ಲಿ 2024ರ ಸೆಪ್ಟೆಂಬರ್ ಕೊನೆಯಿಂದ ಒಂದು ವರ್ಷ ರಿಮೋಟ್ ಸೆನ್ಸಿಂಗ್ (ಉಪಗ್ರಹ, ವಿಮಾನದಂಥವುಗಳಿಂದ ದೂರದಿಂದಲೇ ಭೂಮಿಯನ್ನು ಅಳೆದು ನೋಡೋ ವಿದ್ಯೆ) ಎಂಎಸ್ಸಿ ಓದಿದೆ. ಅದಕ್ಕೆ ಮೊದಲು ಸಮುದ್ರ ನನಗೆ ಪ್ರವಾಸದ ಎರಡು ದಿನದ ವಿಷಯ ಅಷ್ಟೇ.

ಕೋಣೆ ಹುಡುಕುವಾಗ ಸಮುದ್ರದ ಕಡೆ ಕಿಟಕಿ ಇರೋದೇ ಬೇಕು ಅಂತ ಹಟ ಹಿಡಿದಿದ್ದೆ. ಸಿಕ್ಕಿತು. ದಡಕ್ಕೆ ಮುಖ ಮಾಡಿದ ಹಳೇ ಮನೆಯ ಮೂರನೇ ಮಹಡಿ. ಫೋಟೋದಲ್ಲಿ ತುಂಬಾ ಚೆನ್ನಾಗಿತ್ತು. ಈಗ ಯಾರಾದರೂ ಕೇಳಿದರೆ ಒಂದು ಬೀದಿ ಹಿಂದೆ ಹೋಗಿ ಅಂತಲೇ ಹೇಳುತ್ತೇನೆ. ಸಮುದ್ರ ನೋಡೋಕೆ ಎರಡು ನಿಮಿಷ ನಡೆದರೆ ಸಾಕು, ಅದರ ಜೊತೆ ಮಲಗಬೇಕಾಗಿಲ್ಲ.

ಮೊದಲ ವಾರ ನಿದ್ದೆಯೇ ಇಲ್ಲ. ಇಲ್ಲಿಯ ದಡದಲ್ಲಿ ಮರಳಿಗಿಂತ ಉರುಟು ಕಲ್ಲುಗಳೇ ಜಾಸ್ತಿ. ಅಲೆ ಬಂದು ಅಪ್ಪಳಿಸೋ ಸದ್ದು ಎರಡು ದಿನದಲ್ಲಿ ಅಭ್ಯಾಸವಾಯಿತು. ವಾಪಸ್ ಹೋಗುವಾಗ ಸಾವಿರಾರು ಕಲ್ಲುಗಳನ್ನು ಎಳೆದುಕೊಂಡು ಹೋಗುತ್ತದಲ್ಲ, ಆ ಸದ್ದು ಮಾತ್ರ ಬೇರೆ. ಯಾರೋ ದೊಡ್ಡ ಮೊರದಲ್ಲಿ ಕಾಳು ಕೇರಿದ ಹಾಗೆ, ಸರ್ರ್ ಅಂತ, ರಾತ್ರಿಯಿಡೀ. ಉಬ್ಬರ ತುಂಬಿದ್ದಾಗ ಸದ್ದು ಕಿಟಕಿ ಕೆಳಗೇ. ಇಳಿತದಲ್ಲಿ ದೂರ ಹೋಗುತ್ತಿತ್ತು. ಆಗಲೇ ನನಗೆ ಹೊಳೆದದ್ದು, ಇಲ್ಲಿ ನಿದ್ದೆಗೂ ಒಂದು ವೇಳಾಪಟ್ಟಿ ಇದೆ ಅಂತ.

ಆ ಪಟ್ಟಿಯನ್ನು ಅಂಗಡಿಯಲ್ಲಿ ಚಿಕ್ಕ ಪುಸ್ತಕ ಮಾಡಿ ಮಾರುತ್ತಾರೆ. ಟೈಡ್ ಟೇಬಲ್. ಪ್ರತಿ ದಿನದ ಮುಂದೆ ನಾಲ್ಕು ಹೊತ್ತು, ನಾಲ್ಕು ಎತ್ತರ. ಎರಡು ಉಬ್ಬರ, ಎರಡು ಇಳಿತ. ದಿನಕ್ಕೆ ಹೆಚ್ಚು ಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನಕ್ಕೆ ನೀರಿನ ಏರಿಳಿತ ಜಾಸ್ತಿ, ಇಲ್ಲಿ ನಾಲ್ಕು ಮೀಟರ್ ಆಸುಪಾಸು. ಅಂದರೆ ಮಧ್ಯಾಹ್ನ ನಾವು ನಡೆದಾಡಿದ ಜಾಗದ ಮೇಲೆ ರಾತ್ರಿ ಎರಡಾಳು ನೀರು. ಇನ್ನೊಂದು ತಮಾಷೆ ಗೊತ್ತಾ? ಒಂದೊಂದು ಊರಿನಲ್ಲಿ ಈ ದೊಡ್ಡ ಉಬ್ಬರ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಅಬೆರಿಸ್ಟ್‌ವಿತ್‌ನಲ್ಲಿ ಬೆಳಗ್ಗೆ ಎಂಟು-ಒಂಬತ್ತಕ್ಕೆ, ಮತ್ತೆ ರಾತ್ರಿ ಎಂಟು-ಒಂಬತ್ತಕ್ಕೆ. ಸರಿಯಾಗಿ ನಾನು ಕ್ಲಾಸಿಗೆ ಹೊರಡೋ ಹೊತ್ತು.

ಫೋನಿನಲ್ಲಿ ಅಮ್ಮನನ್ನು ಅಮಾವಾಸ್ಯೆ ಯಾವತ್ತು ಅಂತ ಕೇಳೋದು ಅಭ್ಯಾಸವಾಗಿಬಿಟ್ಟಿತು. ಪುಸ್ತಕದಲ್ಲೇ ಇರುತ್ತದೆ, ಆದರೂ ಸುಮ್ನೆ ಕೇಳುತ್ತಿದ್ದೆ. ಮೂರನೇ ಸಲಕ್ಕೆ ಅಮ್ಮನಿಗೆ ಅನುಮಾನ ಬಂತು.

“ಏನೇ, ಇಲ್ಲಿದ್ದಾಗ ಒಂದು ದಿನ ಕ್ಯಾಲೆಂಡರ್ ಕಡೆ ತಿರುಗಿ ನೋಡಿದವಳಲ್ಲ. ಅಲ್ಲಿ ಹೋಗಿ ಏನು ಹಿಡ್ಕೊಂಡಿದೀಯಾ?”

“ಏನಿಲ್ಲಮ್ಮ, ಶೂ ಒದ್ದೆ ಆಗುತ್ತೆ.”

ದಡದ ಉದ್ದಕ್ಕೂ ಸುಮಾರು ಎರಡು ಕಿಲೋಮೀಟರ್ ಪ್ರೊಮನಾಡ್ ಇದೆ. ಅದರ ಮೇಲೆ ನಡೆದು ಕೊನೆಗೆ ಪೆಂಗ್ಲೈಸ್ ಗುಡ್ಡ ಹತ್ತಿದರೆ ಕ್ಯಾಂಪಸ್. ಮಾಮೂಲಿ ದಿನ ಇಪ್ಪತ್ತೈದು ನಿಮಿಷ. ದೊಡ್ಡ ಉಬ್ಬರಕ್ಕೆ ಪಶ್ಚಿಮದ ಗಾಳಿ ಸೇರಿದರೆ ಅಲೆ ಗೋಡೆ ಹಾರಿ ರಸ್ತೆಗೆ ಬೀಳುತ್ತದೆ, ಜೊತೆಗೆ ಕಲ್ಲೂ ಬರುತ್ತವೆ. ಅಂಥ ದಿನ ಒಳಬೀದಿಯಲ್ಲಿ ಸುತ್ತಿಕೊಂಡು ಹೋಗಬೇಕು, ಹತ್ತು ನಿಮಿಷ ಜಾಸ್ತಿ. ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ ನೋಡೋದು ಮೂರು: ಉಬ್ಬರ ಎಷ್ಟೊತ್ತಿಗೆ, ಎಷ್ಟು ಮೀಟರ್, ಗಾಳಿ ಯಾವ ಕಡೆಯಿಂದ. ಮಳೆ ಬರುತ್ತಾ ಅಂತ ನೋಡೋದು ಬಿಟ್ಟೆ. ಬರುತ್ತೆ.

ಕೊಡೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಕ್ಟೋಬರ್ ಒಂದೇ ತಿಂಗಳಲ್ಲಿ ಎರಡು ಕೊಡೆ ಹೋದವು. ಎರಡನೆಯದು ಕೈಯಿಂದಲೇ ಹಾರಿ, ರೇಲಿಂಗ್ ದಾಟಿ, ತಲೆಕೆಳಗಾಗಿ ನೀರಿನ ಮೇಲೆ ಕೂತು ಐರ್ಲೆಂಡ್ ಕಡೆ ಹೊರಟಿತು. ಪಕ್ಕದಲ್ಲಿ ಹೋಗುತ್ತಿದ್ದವರು ನಗಲಿಲ್ಲ, ಇಲ್ಲಿಯವರಿಗೆ ಅದೇನು ಹೊಸದಲ್ಲ. ಆಮೇಲೆ ಟೋಪಿ ಇರುವ, ಮೊಣಕಾಲಿನವರೆಗೆ ಬರೋ ಜಾಕೆಟ್, ನೀರು ಒಳಗೆ ಬಿಡದ ಪ್ಯಾಂಟು ತಗೊಂಡೆ. ಮೊದಲೇ ತಗೊಂಡಿದ್ದರೆ ಕೊಡೆಯ ದುಡ್ಡು ಉಳಿಯುತ್ತಿತ್ತು.

ನೋಡಿ, ಸಮುದ್ರಕ್ಕಿಂತ ಜಾಸ್ತಿ ಕಾಟ ಕೊಟ್ಟದ್ದು ಅದರ ತೇವ. ನವೆಂಬರ್‌ನಲ್ಲಿ ಒಂದು ದಿನ ಮಂಚದ ಹಿಂದೆ ಬಿದ್ದ ಪೆನ್ನು ತೆಗೆಯೋಕೆ ಬಗ್ಗಿದೆ. ಗೋಡೆ ತುಂಬಾ ಕಪ್ಪು ಚುಕ್ಕೆ. ಬೂಷ್ಟು. ಗೋಡೆಗೆ ತಾಗಿ ಇಟ್ಟಿದ್ದ ಸೂಟ್‌ಕೇಸಿನ ಒಳಗೆ ಒಂದು ರೇಷ್ಮೆ ಸೀರೆ ಇತ್ತು, ಅದಕ್ಕೂ ಹತ್ತಿತ್ತು. ಮನೆ ಮಾಲೀಕರಿಗೆ ಮೆಸೇಜ್ ಹಾಕಿದರೆ, ಬಟ್ಟೆ ಒಳಗೆ ಒಣಹಾಕಬೇಡಿ ಅಂತ ಉತ್ತರ. ಹೊರಗೆ ಎಲ್ಲಿ ಒಣಹಾಕಲಿ, ಸಮುದ್ರದ ಮೇಲಾ? ಸಿಟ್ಟು ಬಂತು. ಆದರೆ ಅವರ ಮಾತು ಅರ್ಧ ನಿಜ. ಒದ್ದೆ ಬಟ್ಟೆ, ಅನ್ನದ ಕುಕ್ಕರಿನ ಹಬೆ, ಬಿಸಿನೀರಿನ ಸ್ನಾನ, ಇಷ್ಟೂ ಆವಿ ಹೋಗಿ ಮನೆಯ ಅತಿ ತಣ್ಣನೆ ಗೋಡೆಗೆ ಅಂಟುತ್ತದೆ. ಆ ತಣ್ಣನೆ ಗೋಡೆ ನನ್ನ ಮಂಚದ ಹಿಂದೆಯೇ ಇತ್ತು. ಮಂಚ ಒಂದು ಗೇಣು ಮುಂದಕ್ಕೆ ಎಳೆದೆ. ಬಟ್ಟೆ ಒಗೆಯೋದು, ಒಣಗಿಸೋದು ಎರಡೂ ಲಾಂಡ್ರೆಟ್‌ನಲ್ಲಿ, ವಾರಕ್ಕೊಂದು ಸಲ. ಮೂವರು ಸೇರಿ ಒಂದು ಹಳೇ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರೋ ಯಂತ್ರ, ಕೊಂಡೆವು. ದಿನಾ ಬೆಳಗ್ಗೆ ಅದರ ಡಬ್ಬಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು ತುಂಬಿರೋದು ನೋಡಿದರೆ, ನಾವು ಇಷ್ಟು ದಿನ ಉಸಿರಾಡಿದ್ದು ಗಾಳಿಯನ್ನೇನಾ ಅನ್ನಿಸುತ್ತಿತ್ತು.

ಉಪ್ಪೂ ಹಾಗೇ. ಕಿಟಕಿ ಗಾಜು ವಾರದಲ್ಲಿ ಮಂಜು ಬಿದ್ದ ಹಾಗೆ ಮಂಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ಚೈನು ಡಿಸೆಂಬರ್ ಹೊತ್ತಿಗೆ ಕೆಂಪಗೆ ತುಕ್ಕು. ಲ್ಯಾಪ್‌ಟಾಪ್ ಮಾತ್ರ ಕಿಟಕಿ ಹತ್ತಿರ ಇಡಲಿಲ್ಲ, ಅಷ್ಟು ಬುದ್ಧಿ ಇತ್ತು.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ನನ್ನ ವೀಸಾ ಕಾರ್ಡಿನ ಮೇಲೆ 31 ಡಿಸೆಂಬರ್ 2024ಕ್ಕೆ ಮುಗಿಯುತ್ತದೆ ಅಂತ ಅಚ್ಚಾಗಿತ್ತು. ಎದೆ ಧಸಕ್ಕೆಂದಿತು. ಆಮೇಲೆ ಗೊತ್ತಾಯಿತು, ಕಾರ್ಡ್ ಪದ್ಧತಿಯನ್ನೇ ನಿಲ್ಲಿಸಿ ಎಲ್ಲಾ ಆನ್‌ಲೈನ್ ಇ-ವೀಸಾ ಮಾಡುತ್ತಿದ್ದಾರೆ, ಅದಕ್ಕೇ ಎಲ್ಲರ ಕಾರ್ಡಿಗೂ ಅದೇ ತಾರೀಕು. ವೀಸಾ ಜೊತೆಗೇ ವರ್ಷಕ್ಕೆ 776 ಪೌಂಡ್ ಆರೋಗ್ಯದ ಶುಲ್ಕ ಕಟ್ಟಿರುತ್ತೇವೆ, ಹಾಗಾಗಿ ಬಂದ ವಾರವೇ ಡಾಕ್ಟರ ಹತ್ತಿರ ಹೆಸರು ಬರೆಸಿ. ವೇಲ್ಸ್‌ನಲ್ಲಿ 2007ರಿಂದ ಡಾಕ್ಟರು ಬರೆದುಕೊಟ್ಟ ಔಷಧಿಗೆ ದುಡ್ಡಿಲ್ಲ. ಬೂಷ್ಟಿನ ಕೆಮ್ಮಿಗೆ ನನಗದು ಉಪಯೋಗಕ್ಕೆ ಬಂತು.

ಕ್ಲಾಸು ಇರುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ನಾನು ದಡದ ಒಂದು ಕೆಫೆಯಲ್ಲಿ ಸೇರಿಕೊಂಡೆ, ಗಂಟೆಗೆ 11.44 ಪೌಂಡ್, ಆಗ ಅದೇ ಕನಿಷ್ಠ ಕೂಲಿ. ಪಾತ್ರೆ ತೊಳೆಯೋದು, ಟೇಬಲ್ ಒರೆಸೋದು, ಕಿಟಕಿಯ ಉಪ್ಪು ಉಜ್ಜೋದು. ಒಂದು ಲೆಕ್ಕ ತಪ್ಪಿದೆ. ವಾರಕ್ಕೆ 20 ಗಂಟೆ ಅಂತ ಹಿಡಿದು ಬಜೆಟ್ ಹಾಕಿದ್ದೆ. ಚಳಿಗಾಲದಲ್ಲಿ ದಡದ ಕೆಫೆಗೆ ಯಾರು ಬರುತ್ತಾರೆ? ಗಾಳಿ ಜೋರಿದ್ದರೆ ಇವತ್ತು ಬರಬೇಡ ಅಂತ ಬೆಳಗ್ಗೆ ಮೆಸೇಜ್. ಜನವರಿಯಲ್ಲಿ ವಾರಕ್ಕೆ ಏಳೆಂಟು ಗಂಟೆ ಸಿಕ್ಕಿದರೆ ಹೆಚ್ಚು. ದಡದ ಊರಿನಲ್ಲಿ ಕೆಲಸಕ್ಕೂ ಹಂಗಾಮು ಇದೆ. ಕ್ಯಾಂಪಸ್ಸಿನೊಳಗೆ ಏನಾದರೂ ಸಿಗುತ್ತಾ ಅಂತ ಮೊದಲು ನೋಡಬೇಕಿತ್ತು.

ಡಿಸೆಂಬರ್ 6, ಶುಕ್ರವಾರ. ಸಂಜೆ ಏಳರ ಸುಮಾರಿಗೆ ಅಡುಗೆಮನೆಯಲ್ಲಿ ನಾಲ್ವರ ಫೋನೂ ಒಟ್ಟಿಗೆ ಸೈರನ್ ತರಹ ಕಿರುಚಿದವು. ಸರ್ಕಾರದ ಎಚ್ಚರಿಕೆ. ಡಾರಾ ಅನ್ನೋ ಬಿರುಗಾಳಿ ಬರುತ್ತಿದೆ, ರೆಡ್ ವಾರ್ನಿಂಗ್, ಬೆಳಗಿನ ಜಾವ ಮೂರರಿಂದ ಹನ್ನೊಂದರವರೆಗೆ ಹೊರಗೆ ಬರಬೇಡಿ. ಇದೇ ದಡದಲ್ಲಿ 2014ರ ಜನವರಿಯಲ್ಲಿ ಬಿರುಗಾಳಿ ಬಂದಾಗ ಸಮುದ್ರದೆದುರಿನ ವಿದ್ಯಾರ್ಥಿಗಳನ್ನೆಲ್ಲ ಖಾಲಿ ಮಾಡಿಸಿದ್ದರಂತೆ. ಜೊತೆಯಲ್ಲಿದ್ದ ವೇಲ್ಸ್ ಹುಡುಗಿ ಗಾಬರಿಯಾಗಲಿಲ್ಲ. ಎಲ್ಲಾ ಫೋನು, ಪವರ್ ಬ್ಯಾಂಕು ಚಾರ್ಜಿಗೆ ಹಾಕಿದಳು. ಫ್ಲಾಸ್ಕಿಗೆ ಬಿಸಿನೀರು ತುಂಬಿದಳು. ನನ್ನ ಹಾಸಿಗೆಯನ್ನು ಹಿಂದಿನ ಕೋಣೆಗೆ ಎಳೆಸಿದಳು. ರಾತ್ರಿ ಕಿಟಕಿ ಗಾಜು ಉಬ್ಬಿ ಒಳಗೆ ಬಂದ ಹಾಗೆ ಅನ್ನಿಸುತ್ತಿತ್ತು. ಗಾಜಿಗೆ ಬೀಳುತ್ತಿದ್ದದ್ದು ಮಳೆಯಲ್ಲ, ಸಮುದ್ರದ ನೀರು. ಬೆಳಗಾಗುವ ಮೊದಲೇ ಕರೆಂಟು ಹೋಯಿತು, ಬಂದದ್ದು ಭಾನುವಾರ. ಒಲೆ ಕರೆಂಟಿನದು, ಹೀಟರೂ ಅದೇ. ಎರಡು ದಿನ ಬ್ರೆಡ್ಡು, ಬಾಳೆಹಣ್ಣು, ಫ್ಲಾಸ್ಕಿನ ಆರಿದ ಚಹಾ. ಆಮೇಲೆ ಹೊರಗೆ ಬಂದರೆ ಪ್ರೊಮನಾಡ್ ತುಂಬಾ ದಡದ ಕಲ್ಲು.

ಓದಿನ ಜಾಗ ಕ್ಯಾಂಪಸ್ಸಿನದೇ ಆಗಿರಬೇಕಿಲ್ಲ. ಗುಡ್ಡದ ಮಧ್ಯದಲ್ಲಿ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯ ಇದೆ, 1907ರಲ್ಲಿ ಹುಟ್ಟಿದ್ದು. ರೀಡರ್ಸ್ ಟಿಕೆಟ್ ಪುಕ್ಕಟೆ. ಬೆಚ್ಚಗಿರುತ್ತದೆ, ಬೂಷ್ಟಿಲ್ಲ, ಮೆಟ್ಟಿಲ ಮೇಲೆ ನಿಂತರೆ ಇಡೀ ಊರು, ಅದರಾಚೆ ಕೊಲ್ಲಿ. ಪ್ರಬಂಧದ ಮುಕ್ಕಾಲು ಪಾಲು ಅಲ್ಲೇ ಬರೆದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಮೂರೂವರೆಗೆ ಪುಸ್ತಕ ಮುಚ್ಚಿ ಪಿಯರ್ (ದಡದಿಂದ ಸಮುದ್ರದೊಳಕ್ಕೆ ಕಂಬಗಳ ಮೇಲೆ ಚಾಚಿದ ಕಟ್ಟೆ) ಹತ್ತಿರ ಓಡುತ್ತಿದ್ದೆ. 1865ರ ಆ ಪಿಯರ್‌ನಲ್ಲಿ ಬಿರುಗಾಳಿಗಳು ತಿಂದು ಉಳಿಸಿದ್ದು ಅರ್ಧಕ್ಕಿಂತ ಕಡಿಮೆ. ಅದರ ಕೆಳಗಿನ ಕಬ್ಬಿಣದ ಕಂಬಿಗಳಲ್ಲಿ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳು ರಾತ್ರಿ ಕಳೆಯುತ್ತವೆ. ನಮ್ಮ ಗೊರವಂಕದ ಕುಟುಂಬದವೇ. ಒಳಗೆ ಹೋಗುವ ಮೊದಲು ನೀರಿನ ಮೇಲೆ ಹೊಗೆಯ ಹಾಗೆ ಸುತ್ತುತ್ತವೆ, ಹಿಗ್ಗುತ್ತವೆ, ಕುಗ್ಗುತ್ತವೆ. ಆಮೇಲೆ ಯಾರೋ ಕೊಡದಿಂದ ಸುರಿದ ಹಾಗೆ ಪಿಯರ್ ಕೆಳಗೆ ಇಳಿದುಬಿಡುತ್ತವೆ. ಮನೆ ನೆನಪು ಜಾಸ್ತಿಯಾದ ದಿನ ಯಾರ ಹತ್ತಿರವೂ ಮಾತಾಡದೆ ಇದನ್ನು ನೋಡಿ ಬರುತ್ತಿದ್ದೆ.

ಉಬ್ಬರದ ಪುಸ್ತಕ ನೋಡೋದು ಚೆನ್ನಾಗಿ ಬರುತ್ತದೆ ಅಂದುಕೊಂಡ ಮೇಲೆಯೇ ನಾನು ಸಿಕ್ಕಿಬಿದ್ದದ್ದು. ಪುಸ್ತಕದಲ್ಲಿ ಅಚ್ಚಾಗಿದ್ದದ್ದು ಚಳಿಗಾಲದ ಗಡಿಯಾರದ ಹೊತ್ತು. 2025ರ ಮಾರ್ಚ್ 30ಕ್ಕೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿಟ್ಟರು. ಇನ್ನು ಒಂದು ಗಂಟೆ ಸೇರಿಸಿ ಓದಬೇಕು ಅಂತ ಕೆಫೆಯಲ್ಲಿ ಹೇಳಿಕೊಟ್ಟಿದ್ದರು. ಮಾರನೇ ದಿನ ಪುಸ್ತಕ ಮನೆಯಲ್ಲಿ ಬಿಟ್ಟು ಫೋನಿನ ಆ್ಯಪ್ ನೋಡಿದೆ. ಅದರಲ್ಲಿ ಆಗಲೇ ಹೊಸ ಹೊತ್ತು ಇತ್ತು. ನಾನು ಅದಕ್ಕೂ ಒಂದು ಗಂಟೆ ಸೇರಿಸಿದೆ. ಅಮಾವಾಸ್ಯೆ ಮುಗಿದು ಎರಡೇ ದಿನ, ನೀರು ತುಂಬಾ ದೂರ ಇಳಿದಿತ್ತು. ಕಾನ್‌ಸ್ಟಿಟ್ಯೂಷನ್ ಗುಡ್ಡದ ಬುಡದ ಬಂಡೆಗಳ ಮೇಲೆ ಪಕ್ಕದ ಕೊಲ್ಲಿ ಕ್ಲಾರಖ್ ಕಡೆ ಹೊರಟೆ. ಇಳಿತಕ್ಕೆ ಇನ್ನೂ ಹೊತ್ತಿದೆ ಅಂತ ಧೈರ್ಯ. ಬಂಡೆಯ ಕುಳಿಗಳಲ್ಲಿ ಏಡಿ ನೋಡುತ್ತಾ ಕೂತವಳು ತಿರುಗಿ ನೋಡಿದರೆ, ಬಂದ ದಾರಿಯ ತಗ್ಗಿನಲ್ಲಿ ನೀರು ಹರಿಯುತ್ತಿದೆ. ಮುಂದೆ ಹೋಗುವ ಹುಚ್ಚು ಧೈರ್ಯ ಮಾಡಲಿಲ್ಲ, ಅದೊಂದು ಒಳ್ಳೇದಾಯಿತು. ಬ್ಯಾಗ್ ತಲೆ ಮೇಲಿಟ್ಟುಕೊಂಡು ಮೊಣಕಾಲು ಮೀರಿದ ನೀರಿನಲ್ಲಿ ವಾಪಸ್ ಬಂದೆ. ನೀರು ಎಷ್ಟು ತಣ್ಣಗಿತ್ತೆಂದರೆ ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕ್ಲಾರಖ್‌ಗೆ ಗುಡ್ಡದ ಮೇಲೆ ಒಳ್ಳೆಯ ಕಾಲುದಾರಿಯೇ ಇದೆ. ಆಮೇಲೆ ಯಾವಾಗಲೂ ಅದರಲ್ಲೇ ಹೋದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಪ್ರೊಮನಾಡ್ ಮುಗಿಯುವಲ್ಲಿ, ಆ ಗುಡ್ಡದ ಬುಡದಲ್ಲೇ, ಒಂದು ಕಬ್ಬಿಣದ ರೇಲಿಂಗ್ ಇದೆ. ನಡೆಯೋಕೆ ಬಂದವರೆಲ್ಲ ಅಲ್ಲಿ ಒಂದು ಸಲ ಕಾಲಿನಿಂದ ಒದ್ದು ವಾಪಸ್ ತಿರುಗುತ್ತಾರೆ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕತೆ. ಮೊದಮೊದಲು ನನಗೆ ಕಬ್ಬಿಣ ಒದೆಯೋದು ವಿಚಿತ್ರ ಅನ್ನಿಸುತ್ತಿತ್ತು. ಮೇ ತಿಂಗಳ ಹೊತ್ತಿಗೆ, ಒದೆಯದೆ ಬಂದರೆ ನಡೆದದ್ದೇ ಲೆಕ್ಕಕ್ಕಿಲ್ಲ ಅನ್ನುವಷ್ಟಾಗಿತ್ತು.

ಸೆಪ್ಟೆಂಬರ್‌ನಲ್ಲಿ ಕೋಣೆ ಖಾಲಿ ಮಾಡುವ ದಿನ ಹೊಸ ಹುಡುಗ ಬೇಗ ಬಂದುಬಿಟ್ಟಿದ್ದ. ಹೈದರಾಬಾದಿನವನು. ಮಂಚ ಯಾಕೆ ಗೋಡೆಯಿಂದ ಇಷ್ಟು ದೂರ ಇದೆ ಅಂತ ಕೇಳಿದ, ಸರಿಸೋಕೂ ಹೊರಟ. ಬೇಡಪ್ಪ, ಹಾಗೇ ಇರಲಿ ಅಂದೆ. ಪೆನ್ಸಿಲ್ ಗುರುತು ತುಂಬಿದ ಟೈಡ್ ಟೇಬಲ್ ಕೈಗಿಟ್ಟೆ, ಇನ್ನೂ ಮೂರು ತಿಂಗಳು ಬಾಕಿ ಇತ್ತು. ಅಕ್ಟೋಬರ್ ಕೊನೆಯವರೆಗೆ ಪುಸ್ತಕಕ್ಕೆ ಒಂದು ಗಂಟೆ ಸೇರಿಸು, ಫೋನಿಗೆ ಸೇರಿಸಬೇಡ ಅಂತ ಎರಡು ಸಲ ಹೇಳಿದೆ. ತಲೆಯಾಡಿಸಿದ. ಬಾಗಿಲ ಪಕ್ಕ ಅವನ ಹೊಚ್ಚ ಹೊಸ ಕೊಡೆ ಒರಗಿ ನಿಂತಿತ್ತು. ಅದರ ಬಗ್ಗೆ ನಾನೇನೂ ಹೇಳಲಿಲ್ಲ.